ಸವೆದ ಕೆಂಪು ನೆಲವನ್ನು ಸರಿಮಾಡುವುದು ಹೇಗೆ? ಟೈಲ್ಸ್ ಹಾಕಿಸುವ ಮುಂಚೆ ಓದಿ

ಹಳೆ ಮನೆಯ ರೆಡ್ ಆಕ್ಸೈಡ್ ನೆಲ ಮಂಕಾಗಿದೆ ಅಂದರೆ ಸಾಕು, ನೆಂಟರು, ಪಕ್ಕದ ಮನೆಯವರು, ಮೇಸ್ತ್ರಿ ಎಲ್ಲರದ್ದೂ ಒಂದೇ ಸಲಹೆ: "ಮೇಲೆ ಟೈಲ್ಸ್ ಹಾಕಿಸಿಬಿಡಿ." ಹೇಳುವುದು ಸುಲಭ. ಟೈಲ್ಸ್ ಬಂದರೆ ನೆಲ ಏರುತ್ತದೆ. ಬಾಗಿಲುಗಳನ್ನು ಕೆಳಗಿನಿಂದ ಕೊಯ್ಯಬೇಕು. ಹೊಸ್ತಿಲು ಅರ್ಧ ಮುಳುಗುತ್ತದೆ. ಅಂಟು ಹಿಡಿಯಲಿ ಅಂತ ಹಳೆ ನೆಲದ ತುಂಬ ಉಳಿ ಹೊಡೆದು ಒರಟು ಮಾಡುತ್ತಾರೆ. ಆಮೇಲೆ ಮನಸ್ಸು ಬದಲಾದರೂ ಆ ನೆಲ ವಾಪಸ್ ಬರುವುದಿಲ್ಲ.

ಸವೆದಿದೆ ಅಂತ ಕಾಣುವ ಕೆಂಪು ನೆಲದಲ್ಲಿ ಹೆಚ್ಚಿನ ಭಾಗ ನಿಜವಾಗಿ ಸವೆದಿರುವುದಿಲ್ಲ. ಮೇಲ್ಮೈಗೆ ಗೀರು ಬಿದ್ದಿರುತ್ತದೆ, ಅಷ್ಟೇ. ಬಣ್ಣ ಅಲ್ಲೇ ಇರುತ್ತದೆ. ಆದ್ದರಿಂದ ಮೊದಲು ಎಲ್ಲಿ ಎಷ್ಟು ಸವೆದಿದೆ ಅಂತ ಪತ್ತೆ ಮಾಡಿ, ಆಯಾ ಜಾಗಕ್ಕೆ ಬೇಕಾದಷ್ಟೇ ಕೆಲಸ ಮಾಡಬೇಕು. ಇಡೀ ಮನೆಗೆ ಒಂದೇ ಮದ್ದು ಅರೆಯಬೇಡಿ.

ನೆಲ ಯಾಕೆ ಮಂಕಾಗುತ್ತದೆ

ಕೆಂಪು ನೆಲ ಅಂದರೆ ಕಾಂಕ್ರೀಟಿನ ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಬಣ್ಣದ ಸಿಮೆಂಟ್ ಪದರ. ಆ ಬಣ್ಣ ಕಬ್ಬಿಣದ ಆಕ್ಸೈಡ್. ಬಿಸಿಲಿಗೂ ನೀರಿಗೂ ಮಾಸುವಂಥದ್ದಲ್ಲ. ಹೊಳಪು ಬಂದಿದ್ದು ಮೇಸ್ತ್ರಿ ಕರಣೆ ಒತ್ತಿ ಒತ್ತಿ ಎಳೆದಿದ್ದರಿಂದ, ಮತ್ತು ವರ್ಷಗಟ್ಟಲೆ ಒರೆಸಿದ ಎಣ್ಣೆ ಬಟ್ಟೆಯಿಂದ.

ಸವೆಸುವುದು ಕಾಲಲ್ಲ, ಕಾಲಿಗೆ ಅಂಟಿ ಬರುವ ಮರಳು. ಮರಳಿನ ಹರಳು ಗಟ್ಟಿಯಾದ ಸಿಮೆಂಟಿಗಿಂತಲೂ ಗಡುಸು. ಪ್ರತಿ ಹೆಜ್ಜೆಗೂ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬೀಳುತ್ತದೆ. ಸಾವಿರಾರು ಗೀರು ಸೇರಿದಾಗ ಬೆಳಕು ಚದುರುತ್ತದೆ, ನೆಲ ಬೆಳ್ಳಗೆ ಬೂದಿ ಬಳಿದ ಹಾಗೆ ಕಾಣುತ್ತದೆ. ಮನೆಯೊಳಗೆ ಒಮ್ಮೆ ನೋಡಿಕೊಂಡು ಬನ್ನಿ. ಹೊಸ್ತಿಲಿನ ಒಳಬದಿ, ಒಲೆ ಮುಂದೆ ನಿಲ್ಲುವ ಜಾಗ, ತೂಗುಯ್ಯಾಲೆ ಕೆಳಗೆ ಕಾಲು ಉಜ್ಜುವ ಜಾಗ, ಊಟದ ಮೇಜಿನ ಕುರ್ಚಿ ಎಳೆಯುವ ಜಾಗ: ಸವೆತ ಇರುವುದು ಇಲ್ಲೆಲ್ಲ. ಮಂಚದ ಕೆಳಗೆ ಬಗ್ಗಿ ನೋಡಿದರೆ ಅಜ್ಜನ ಕಾಲದ ಹೊಳಪು ಇನ್ನೂ ಹಾಗೇ ಇರುತ್ತದೆ.

ಆಸಿಡ್ ಬೇರೆ ವಿಷಯ. ಹುಣಸೆ ರಸ, ನಿಂಬೆ, ಹುಳಿ ಮಜ್ಜಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಟಾಯ್ಲೆಟ್ ತೊಳೆಯುವ ಆಸಿಡ್, ಇವೆಲ್ಲ ಸಿಮೆಂಟನ್ನೇ ತಿನ್ನುತ್ತವೆ. ಚೆಲ್ಲಿದ ಆಕಾರದಲ್ಲೇ ಒರಟು ಮಚ್ಚೆ ನಿಲ್ಲುತ್ತದೆ. ಕಡಪ ಕಲ್ಲು, ಶಹಾಬಾದ್ ಕಲ್ಲಿಗೂ ಇದೇ ಗತಿ. ಎರಡೂ ಸುಣ್ಣದ ಅಂಶದ ಕಲ್ಲುಗಳೇ ಅಲ್ವಾ.

ಮೊದಲ ಹೆಜ್ಜೆ: ಒದ್ದೆ ಮಾಡಿ ನೋಡಿ

ಖರ್ಚಿಲ್ಲದ ಪರೀಕ್ಷೆ ಇದು. ಒಂದು ಒದ್ದೆ ಬಟ್ಟೆಯಿಂದ ಮಂಕಾದ ಜಾಗವನ್ನು ಒರೆಸಿ, ಒಣಗುವ ಮುಂಚೆ ನೋಡಿ. ನೀರು ಗೀರುಗಳನ್ನು ತುಂಬಿಕೊಳ್ಳುತ್ತದೆ. ಒದ್ದೆಯಾದಾಗ ಕೆಂಪು ಗಾಢವಾಗಿ ಎದ್ದು ಬಂದರೆ ಬಣ್ಣದ ಪದರ ಕ್ಷೇಮ. ಉಜ್ಜಿ ಎಣ್ಣೆ-ಮೇಣ ಹಾಕಿದರೆ ಸಾಕು. ಒದ್ದೆಯಾದಾಗಲೂ ಬೂದು ಬಣ್ಣವೇ ಕಂಡರೆ, ಮಧ್ಯೆ ಮರಳಿನ ಕಾಳು ಕಣ್ಣಿಗೆ ಬಿದ್ದರೆ, ಅಲ್ಲಿ ಪದರವೇ ಹೋಗಿದೆ. ಒಂದು ಸೀಮೆಸುಣ್ಣ ತೆಗೆದುಕೊಂಡು ಅಂಥ ಜಾಗಗಳ ಸುತ್ತ ಗೆರೆ ಎಳೆದುಬಿಡಿ. ಇಡೀ ಹಾಲ್ ಹಾಳಾಗಿದೆ ಅಂದುಕೊಂಡವರಿಗೆ ಗೆರೆಯೊಳಗೆ ಬರುವುದು ಬಾಗಿಲ ಬಳಿಯ ಒಂದೆರಡು ಅಡಿ ಅಂತ ಆಗ ಗೊತ್ತಾಗುತ್ತದೆ.

ಜೊತೆಗೆ ಒಂದು ಮರದ ಕೋಲಿನಿಂದ ಅಲ್ಲಲ್ಲಿ ತಟ್ಟಿ. ಗಟ್ಟಿ ನೆಲದ ಸದ್ದಿಗೂ ಪೊಳ್ಳಾದ ನೆಲದ ಸದ್ದಿಗೂ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಪೊಳ್ಳು ಸದ್ದು ಬಂದರೆ ಪದರ ಕೆಳಗಿನ ಕಾಂಕ್ರೀಟನ್ನು ಬಿಟ್ಟಿದೆ ಅಂತ ಅರ್ಥ. ಅದಕ್ಕೆ ಮೇಣ ಹಾಕಿ ಪ್ರಯೋಜನವಿಲ್ಲ, ಕಿತ್ತು ತೇಪೆ ಹಾಕಬೇಕು.

ಬಿರುಕುಗಳಿದ್ದರೆ ಅವುಗಳ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡ ಗೆರೆ ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಕೆಲವು ತಿಂಗಳ ನಂತರವೂ ಬಿರುಕು ಗೆರೆ ದಾಟದಿದ್ದರೆ ಅದನ್ನು ಅದರ ಪಾಡಿಗೆ ಬಿಡಿ. ಕೂದಲೆಳೆಯಂಥ ಬಿರುಕು ಕೆಂಪು ನೆಲಕ್ಕೆ ಸಹಜ. ಬೆಳೆಯುತ್ತಿದ್ದರೆ ನೆಲದ ರಿಪೇರಿಗಿಂತ ಮುಂಚೆ ಅಡಿಪಾಯವನ್ನೋ ಪೈಪ್ ಸೋರಿಕೆಯನ್ನೋ ನೋಡಿಸಬೇಕು.

ಎರಡನೇ ಹೆಜ್ಜೆ: ಹಳೆ ಜಿಡ್ಡು ತೆಗೆಯುವುದು

ಮೊದಲು ಚೆನ್ನಾಗಿ ಗುಡಿಸಿ. ಆಮೇಲೆ ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಹಾಕಿ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿ, ಸಾದಾ ನೀರಲ್ಲಿ ಎರಡು ಸಲ ಒರೆಸಿ. ಆಸಿಡ್, ಬ್ಲೀಚಿಂಗ್ ಪೌಡರ್ ಹತ್ತಿರವೂ ತರಬೇಡಿ.

ಹಿಂದೆ ಯಾರಾದರೂ ಕೆಂಪು ಮೇಣದ ಪಾಲಿಶ್ ಹಚ್ಚಿದ್ದರೆ ಅದರ ಕಪ್ಪು ಜಿಡ್ಡು ಸೋಪಿಗೆ ಬಗ್ಗುವುದಿಲ್ಲ. ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ತಿಕ್ಕಿ. ಕಿಟಕಿ ತೆಗೆದಿರಲಿ, ಗ್ಯಾಸ್ ಒಲೆ ಮತ್ತು ದೇವರ ಮನೆಯ ದೀಪ ಆರಿರಲಿ.

ಒಲೆ ಮುಂದಿನ ಎಣ್ಣೆ ಕಲೆಗೆ ಮುಲ್ತಾನಿ ಮಿಟ್ಟಿ ಒಳ್ಳೆಯದು. ಟರ್ಪೆಂಟೈನ್‌ನಲ್ಲಿ ಗಟ್ಟಿಯಾಗಿ ಕಲಸಿ ಕಲೆಯ ಮೇಲೆ ದಪ್ಪಕ್ಕೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿ ಬಿಡಿ. ಬೆಳಗ್ಗೆ ಹಾಳೆ ತೆಗೆದು ಒಣಗಲು ಬಿಟ್ಟು ಕೆರೆದರೆ ಎಣ್ಣೆಯೂ ಅದರ ಜೊತೆ ಬರುತ್ತದೆ. ಹಳೆ ಕಲೆಯಾದರೆ ಮತ್ತೊಮ್ಮೆ ಮಾಡಬೇಕಾಗಬಹುದು.

ಮೂರನೇ ಹೆಜ್ಜೆ: ಉಜ್ಜುವುದು

ಈ ಹಂತದಲ್ಲಿ ಮೊಸಾಯಿಕ್ ಪಾಲಿಶ್ ಮೆಷಿನ್‌ನವರನ್ನು ಕರೆಯುವ ಆಸೆ ಬರುತ್ತದೆ. ಬೇಡ. ಅದರ ಒರಟು ಕಲ್ಲು ಮೊಸಾಯಿಕ್‌ಗೆ ಸರಿ, ಅಲ್ಲಿ ಮೇಲಿನಿಂದ ಒಳಗಿನವರೆಗೂ ಚಿಪ್ಸ್ ಇರುತ್ತದೆ. ಕೆಂಪು ನೆಲದ ತೆಳು ಪದರವನ್ನು ಅದು ನೋಡನೋಡುತ್ತಲೇ ತಿಂದುಹಾಕುತ್ತದೆ.

ಬೇಕಾಗಿರುವುದು ಪೇಂಟ್ ಅಂಗಡಿಯ ವಾಟರ್ ಪೇಪರ್. 220, 400, 800 ನಂಬರಿನವು ತನ್ನಿ. ನಂಬರ್ ದೊಡ್ಡದಾದಷ್ಟೂ ನಯ. ಒಂದು ಸಣ್ಣ ಮರದ ತುಂಡಿಗೆ ಪೇಪರ್ ಸುತ್ತಿಕೊಳ್ಳಿ. ಬರಿ ಬೆರಳಲ್ಲಿ ಉಜ್ಜಿದರೆ ಬೆರಳಿನ ಅಡಿ ಮಾತ್ರ ತಗ್ಗು ಬೀಳುತ್ತದೆ.

ನೆಲಕ್ಕೆ ನೀರು ಚಿಮುಕಿಸಿ, ಎರಡು ಅಡಿ ಚೌಕದಷ್ಟು ಜಾಗ ಹಿಡಿದು ಸುತ್ತು ಸುತ್ತಾಗಿ ಉಜ್ಜಿ. ಕೆಂಪು ರಾಡಿ ಏಳುತ್ತದೆ. ಗಾಬರಿ ಬೇಡ, ಗೀರಿನ ಏಣುಗಳು ಹೋಗುತ್ತಿವೆ ಅಷ್ಟೇ. ಮೊದಮೊದಲು ಪೇಪರ್ ಗರಗರ ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ಸದ್ದು ತಗ್ಗಿ ಜಾರತೊಡಗುತ್ತದೆ. ಆಗ ಆ ನಂಬರಿನ ಕೆಲಸ ಮುಗಿದ ಹಾಗೆ. ರಾಡಿ ಒರೆಸಿ ತೆಗೆದು ಮುಂದಿನ ನಂಬರ್ ಹಿಡಿಯಿರಿ. ರಾಡಿ ಒರೆಸದೆ ನಯ ಪೇಪರ್ ಹಾಕಿದರೆ ಹಳೆ ಪೇಪರಿನ ಒರಟು ಕಾಳು ಮತ್ತೆ ಗೀರು ಎಳೆಯುತ್ತದೆ. ಬರೀ ಮಂಕಾದ ಜಾಗಕ್ಕೆ 220 ಬೇಕಾಗುವುದೇ ಇಲ್ಲ, 400ರಿಂದ ಶುರು ಮಾಡಿ.

ಒಣ ಉಜ್ಜಾಟ ಮಾತ್ರ ಖಂಡಿತ ಬೇಡ. ಸಿಮೆಂಟ್-ಮರಳಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಎದ್ದ ರಾಡಿಯನ್ನು ಬಚ್ಚಲ ಮೋರಿಗೂ ಸುರಿಯಬೇಡಿ, ಪೈಪಿನ ತಳದಲ್ಲಿ ಕೂತುಬಿಡುತ್ತದೆ. ಬಕೆಟ್‌ನಲ್ಲಿ ತಿಳಿಯಾಗಲು ಬಿಟ್ಟು, ನೀರನ್ನು ಬಸಿದು, ತಳದ ಕೆಸರನ್ನು ಕಸಕ್ಕೆ ಹಾಕಿ.

ನಾಲ್ಕನೇ ಹೆಜ್ಜೆ: ಒಣಗಲು ಬಿಡುವುದು

ಎಲ್ಲರೂ ಅವಸರ ಮಾಡುವುದು ಇಲ್ಲೇ. ಉಜ್ಜಿದ ನೆಲ ಮೇಲಿನಿಂದ ಒಣಗಿದ್ದರೂ ಒಳಗೆ ನೀರು ಇರುತ್ತದೆ. ಫ್ಯಾನ್ ಹಾಕಿ ಎರಡು ದಿನ ಬಿಡಿ. ಆಮೇಲೆ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಅಂಟಿಸಿ ಒಂದು ದಿನ ಇಡಿ. ಹಾಳೆಯ ಒಳಬದಿಗೆ ನೀರಿನ ಹನಿ ಕಟ್ಟಿದ್ದರೆ, ಅಥವಾ ಅಡಿಯ ನೆಲ ಕಪ್ಪಾಗಿದ್ದರೆ ತೇವ ಇನ್ನೂ ಇದೆ. ಇಂಥ ನೆಲದ ಮೇಲೆ ಮೇಣ ಹಾಕಿದರೆ ತೇವ ಅಡಿಯಲ್ಲೇ ಸಿಕ್ಕಿಕೊಂಡು ಬಿಳಿ ಮಚ್ಚೆ ಏಳುತ್ತದೆ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲದಲ್ಲಿ ಈ ಪರೀಕ್ಷೆ ಪಾಸಾಗುವುದು ಕಷ್ಟ. ದೀಪಾವಳಿ ಕಳೆದ ಮೇಲೆ ಶಿವರಾತ್ರಿಯೊಳಗೆ ಈ ಕೆಲಸ ಇಟ್ಟುಕೊಳ್ಳಿ. ವರ್ಷವಿಡೀ ನೆಲದಿಂದ ಬಿಳಿ ಉಪ್ಪು ಏಳುತ್ತಿದ್ದರೆ ಅದು ಕೆಳಗಿನ ಮಣ್ಣಿನ ತೇವ. ಒಣ ಬ್ರಷ್‌ನಲ್ಲಿ ಉಪ್ಪನ್ನು ಗುಡಿಸಿ ತೆಗೆಯಿರಿ. ನೀರು ಹಾಕಿ ಒರೆಸಿದರೆ ಅದು ಕರಗಿ ಮತ್ತೆ ಒಳಗೇ ಹೋಗುತ್ತದೆ. ಅಂಥ ನೆಲಕ್ಕೆ ಮೇಣಕ್ಕಿಂತ ಬರೀ ಎಣ್ಣೆ ಒರೆಸುವುದೇ ಮೇಲು.

ಐದನೇ ಹೆಜ್ಜೆ: ಎಣ್ಣೆ, ಆಮೇಲೆ ಮೇಣ

ನಮ್ಮ ಕಡೆ ರೂಢಿ ಕೊಬ್ಬರಿ ಎಣ್ಣೆ. ಹಚ್ಚಿದ ದಿನ ನೆಲ ಕನ್ನಡಿಯೇ ಸರಿ. ಆದರೆ ಕೊಬ್ಬರಿ ಎಣ್ಣೆ ಎಂದಿಗೂ ಒಣಗುವ ಎಣ್ಣೆ ಅಲ್ಲ. ಜಾಸ್ತಿ ಹಾಕಿದರೆ ಜಿಡ್ಡಾಗಿ ಉಳಿದು, ಧೂಳು ಹಿಡಿದು, ಆ ಧೂಳೇ ಮತ್ತೆ ನೆಲವನ್ನು ಉಜ್ಜುತ್ತದೆ. ಒಂದು ಬಕೆಟ್ ನೀರಿಗೆ ಕೆಲವು ಹನಿ ಹಾಕಿ ಒರೆಸುವ ಅಜ್ಜಿಯರ ಪದ್ಧತಿ ಸರಿಯಾಗಿತ್ತು. ಬಾಟಲಿ ಸುರಿಯುವುದು ತಪ್ಪು.

ಉಜ್ಜಿದ ನೆಲಕ್ಕೆ ಬೇಕಾಗಿರುವುದು ಒಣಗಿ ಗಟ್ಟಿಯಾಗುವ ಎಣ್ಣೆ, ಅಂದರೆ ಅಗಸೆ ಎಣ್ಣೆ. ಅಡುಗೆಯದಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಅಂತ ಸಿಗುತ್ತದೆ. ಅದಕ್ಕೆ ಅಷ್ಟೇ ಟರ್ಪೆಂಟೈನ್ ಸೇರಿಸಿ, ಬಟ್ಟೆಯಿಂದ ತೆಳ್ಳಗೆ ಹಚ್ಚಿ. ಕಾಲು ಗಂಟೆ ಬಿಟ್ಟು, ನೆಲ ಕುಡಿಯದೆ ಉಳಿದ ಎಣ್ಣೆಯನ್ನೆಲ್ಲ ಒಣ ಬಟ್ಟೆಯಿಂದ ಒರೆಸಿ ತೆಗೆಯಿರಿ. ಒರೆಸುವುದನ್ನು ತಪ್ಪಿಸಿದರೆ ಅಂಟು ಪದರ ಕಟ್ಟುತ್ತದೆ, ಆಮೇಲೆ ಕಾಲಿಟ್ಟರೆ ಚಪ್ಪಟ್ ಅನ್ನುತ್ತದೆ. ಮಾರನೇ ದಿನ ಅಂಟಿಲ್ಲದೆ ಒಣಗಿದ್ದರೆ ಇನ್ನೊಂದು ತೆಳು ಕೋಟ್.

ಎಚ್ಚರಿಕೆ ಒಂದಿದೆ, ಹಗುರವಾಗಿ ತೆಗೆದುಕೊಳ್ಳಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಕೆಲಸ ಮುಗಿದ ಕೂಡಲೇ ಬಟ್ಟೆಯನ್ನು ನೀರಿನ ಬಕೆಟ್‌ಗೆ ಹಾಕಿ, ಇಲ್ಲವೇ ಹೊರಗೆ ತಂತಿ ಮೇಲೆ ಬಿಡಿಸಿ ಒಣಗಿಸಿ.

ಎಣ್ಣೆ ಪೂರ್ತಿ ಒಣಗಲು ಮೂರ್ನಾಲ್ಕು ದಿನ ಬಿಟ್ಟು ಮೇಣ ಹಚ್ಚಿ. ಅಂಗಡಿಯ ಫ್ಲೋರ್ ವ್ಯಾಕ್ಸ್ ಆಗುತ್ತದೆ. ಮನೆಯಲ್ಲೇ ಮಾಡುವುದಾದರೆ ಒಂದು ಪಾಲು ಜೇನುಮೇಣ, ಮೂರು ಪಾಲು ಟರ್ಪೆಂಟೈನ್. ಮೇಣದ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ಒಲೆ ಆರಿಸಿ, ಪಾತ್ರೆಯನ್ನು ಅಂಗಳಕ್ಕೆ ತಂದ ಮೇಲೆ ಟರ್ಪೆಂಟೈನ್ ಬೆರೆಸಿ. ಒಲೆ ಪಕ್ಕ ಬೆರೆಸಿದರೆ ಬೆಂಕಿ ಹಿಡಿಯುತ್ತದೆ. ಆರಿದ ಮೇಲೆ ಬೆಣ್ಣೆಯ ಹದಕ್ಕೆ ಬರುತ್ತದೆ. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಹಳೆ ಕಾಟನ್ ಸೀರೆಯ ತುಂಡಿನಿಂದ ಉಜ್ಜಿದರೆ ಹೊಳಪು ಏಳುತ್ತದೆ. ಬಚ್ಚಲು, ಮೆಟ್ಟಿಲು, ಮನೆಯ ಹಿರಿಯರು ರಾತ್ರಿ ಓಡಾಡುವ ದಾರಿಗೆ ಮೇಣ ಹಾಕಬೇಡಿ, ಜಾರುತ್ತದೆ.

ಬಣ್ಣ ಹೋದ ಜಾಗಕ್ಕೆ

ಗೆರೆ ಎಳೆದಿಟ್ಟ ಜಾಗಗಳಿಗೆ ಈಗ ಬರೋಣ. ಪದರ ಹೋಗಿದ್ದರೂ ನೆಲ ಸಮವಾಗಿದ್ದು ಗಟ್ಟಿಯಾಗಿದ್ದರೆ ಒಡೆಯುವ ಅಗತ್ಯವಿಲ್ಲ. ಮೇಲೆ ಹೇಳಿದ ಅಗಸೆ ಎಣ್ಣೆ ಮಿಶ್ರಣಕ್ಕೆ ಆಕ್ಸೈಡ್ ಪುಡಿ ಬೆರೆಸಿ, ಬಟ್ಟೆಯಿಂದ ಒತ್ತಿ ಉಜ್ಜಿ, ಹೆಚ್ಚಾದದ್ದನ್ನು ಒರೆಸಿ. ಸಣ್ಣ ತೂತುಗಳಲ್ಲಿ ಬಣ್ಣ ಕೂರುತ್ತದೆ. ಒಂದಷ್ಟು ದಿನ ಅಂಗಾಲು ಸ್ವಲ್ಪ ಕೆಂಪಾಗಬಹುದು. ಹೊಸ್ತಿಲ ಬಳಿ ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು. ಹಾಗಂತ ಅದರ ಮೇಲೆ ಸಿಮೆಂಟ್-ಆಕ್ಸೈಡ್ ನೀರು ಬಳಿದು ಮುಗಿಸೋಣ ಅನ್ನಬೇಡಿ. ನಯವಾದ ಹಳೆ ನೆಲದ ಮೇಲೆ ಅಷ್ಟು ತೆಳು ಸಿಮೆಂಟ್ ಹಿಡಿಯುವುದಿಲ್ಲ, ಹಪ್ಪಳದ ಹಾಗೆ ಏಳುತ್ತದೆ. ಕೆಂಪು ಪೇಂಟೂ ಅಷ್ಟೇ, ಓಡಾಡುವ ದಾರಿಯಲ್ಲೇ ಮೊದಲು ಕಿತ್ತುಬರುತ್ತದೆ.

ಗುಂಡಿ ಬಿದ್ದಿದ್ದರೆ, ಪೊಳ್ಳಾಗಿದ್ದರೆ ತೇಪೆ ಹಾಕಲೇಬೇಕು. ಇದನ್ನು ಗಾರೆ ಕೆಲಸ ಬಲ್ಲವರ ಕೈಯಲ್ಲಿ ಮಾಡಿಸುವುದು ಒಳ್ಳೆಯದು. ಪಕ್ಕದಲ್ಲಿ ನಿಂತು ಏನು ನೋಡಬೇಕು ಅಂತ ಹೇಳುತ್ತೇನೆ.

ಬಣ್ಣದ ಹೊಂದಿಕೆ ಮೊದಲು. ಆಕ್ಸೈಡ್‌ಗೆ ಹಿಡಿಯುವ ಗುಣ ಇಲ್ಲ, ಹಿಡಿಯುವುದು ಸಿಮೆಂಟ್. ಆದ್ದರಿಂದ ತೂಕದಲ್ಲಿ ಹತ್ತು ಪಾಲು ಸಿಮೆಂಟಿಗೆ ಒಂದು ಪಾಲು ಆಕ್ಸೈಡ್ ಸಾಕು. ಹಳೆ ಮೇಸ್ತ್ರಿಗಳು ಇದಕ್ಕಿಂತ ಜಾಸ್ತಿ ಹಾಕುತ್ತಿದ್ದರು. ಬಣ್ಣ ಕಡುವಾಗುತ್ತದೆ ನಿಜ, ಪದರ ದುರ್ಬಲವಾಗುತ್ತದೆ. ಬೂದು ಸಿಮೆಂಟಿಗೆ ಕಂದು ಮಿಶ್ರಿತ ಕೆಂಪು ಬರುತ್ತದೆ, ಬಿಳಿ ಸಿಮೆಂಟಿಗೆ ಎದ್ದು ಕಾಣುವ ಕೆಂಪು. ಹಾಳೆಯ ಮೇಲೆ ಬಿಸ್ಕತ್ತಿನ ಗಾತ್ರದ ಮೂರ್ನಾಲ್ಕು ಮಾದರಿ ಮಾಡಿ, ಒಂದು ವಾರ ಒಣಗಿಸಿ ಹಳೆ ನೆಲದ ಪಕ್ಕ ಇಟ್ಟು ನೋಡಿ. ಹಸಿಯಲ್ಲಿ ಬಣ್ಣ ಯಾವಾಗಲೂ ಗಾಢವಾಗಿಯೇ ಕಾಣುತ್ತದೆ, ಅದನ್ನು ನಂಬಬೇಡಿ. ಒಂದು ಕೋಣೆಗೆ ಬೇಕಾದಷ್ಟು ಪುಡಿಯನ್ನು ಒಂದೇ ಸಲ ಒಣದಾಗಿ ಬೆರೆಸಿ, ಬಟ್ಟೆಯಲ್ಲಿ ಎರಡು ಮೂರು ಸಲ ಸೋಸಿಡಿ. ಮಧ್ಯೆ ಮತ್ತೆ ಬೆರೆಸಿದರೆ ಬಣ್ಣ ಖಂಡಿತ ಬೇರೆಯಾಗುತ್ತದೆ.

ಎಷ್ಟೇ ಮಾಡಿದರೂ ತೇಪೆ ಪೂರ್ತಿ ಮರೆಯಾಗುವುದಿಲ್ಲ. ಅದಕ್ಕೇ ವಕ್ರವಕ್ರವಾಗಿ ಕೀಳಿಸದೆ ನೇರ ಚೌಕವಾಗಿ ಕೊಯ್ಯಿಸಿ. ಬಾಗಿಲಗಲಕ್ಕೆ ಸರಿಯಾಗಿ ಒಂದು ಪಟ್ಟಿ ತೆಗೆದು, ಬೇಕೆಂದೇ ಕಪ್ಪು ಆಕ್ಸೈಡ್‌ನ ಅಂಚು ಕೊಟ್ಟರೆ ಅದು ತೇಪೆ ಅಂತ ಯಾರಿಗೂ ಅನ್ನಿಸುವುದಿಲ್ಲ. ನನಗಂತೂ ಬಣ್ಣ ಹೊಂದಿಸಲು ಒದ್ದಾಡುವುದಕ್ಕಿಂತ ಇದೇ ಇಷ್ಟ.

ಗುಂಡಿ ಕಡಿಮೆ ಅಂದರೂ ಅರ್ಧ ಇಂಚು ಆಳ ಇರಲಿ. ಧೂಳು ಪೂರ್ತಿ ತೆಗೆದು, ಹಿಂದಿನ ರಾತ್ರಿಯೇ ನೀರು ನಿಲ್ಲಿಸಿ ನೆನೆಸಿ, ಬೆಳಗ್ಗೆ ನಿಂತ ನೀರನ್ನು ಒತ್ತಿ ತೆಗೆಯಿರಿ. ಒಣ ನೆಲ ಹೊಸ ಮಾಲಿನ ನೀರನ್ನು ಹೀರಿಕೊಂಡುಬಿಡುತ್ತದೆ. ತೆಳು ಸಿಮೆಂಟ್ ಹಾಲು ಬಳಿದು, ಅದು ಹಸಿ ಇರುವಾಗಲೇ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಮರಳಿನ ಮಾಲು ತುಂಬಿ. ಎಂ-ಸ್ಯಾಂಡ್ ಆದರೆ ಪ್ಲಾಸ್ಟರಿಂಗ್‌ಗೆ ಕೊಡುವ ನಯ ಬಗೆ. ಸಮುದ್ರದ ಮರಳು ಬೇಡ, ಉಪ್ಪು ಏಳುತ್ತದೆ. ಮೇಲೆ ಕೆಲವು ಮಿಲಿಮೀಟರ್ ಜಾಗ ಬಿಟ್ಟು, ಕೆಳಗಿನದು ಬಿಗಿಯುವ ಹೊತ್ತಿಗೆ ಬಣ್ಣದ ಸಿಮೆಂಟ್ ಹಾಕಿಸಿ.

ಇನ್ನು ಕಾಯಬೇಕು. ಮೇಲಿನ ನೀರಿನ ಮಿಂಚು ಹೋಗಿ, ಹೆಬ್ಬೆರಳು ಒತ್ತಿದರೆ ಗುರುತು ಮಾತ್ರ ಬಿದ್ದು ಬೆರಳಿಗೆ ಕೆಸರು ಅಂಟದಿದ್ದರೆ ಅದೇ ಹದ. ಆಗ ಉಕ್ಕಿನ ಕರಣೆಯನ್ನು ಅಂಚು ಸ್ವಲ್ಪ ಎತ್ತಿ, ಮೈಭಾರ ಬಿಟ್ಟು ಎಳೆಯಬೇಕು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಹೊಳಪು ಹುಟ್ಟುವುದು ಈ ಎಳೆತದಲ್ಲಿ, ಯಾವ ಪಾಲಿಶ್‌ನಲ್ಲೂ ಅಲ್ಲ. ಬೇಗ ಮುಗಿಸಲು ಮೇಲೆ ಒಣ ಸಿಮೆಂಟ್ ಚೆಲ್ಲುತ್ತೇವೆ ಅಂದರೆ ಒಪ್ಪಬೇಡಿ. ಆಮೇಲೆ ಜೇಡರ ಬಲೆಯಂಥ ಬಿರುಕು ಬರುವುದು ಅದರಿಂದಲೇ. ಹಸಿ ಸಿಮೆಂಟ್ ಚರ್ಮವನ್ನು ಸುಡುತ್ತದೆ, ಕೈಗವಸು ಹಾಕಿಕೊಂಡೇ ಮುಟ್ಟಿ.

ಮಾರನೇ ದಿನದಿಂದ ಒಂದು ವಾರ ಕ್ಯೂರಿಂಗ್. ತೇಪೆ ಸುತ್ತ ಸಣ್ಣ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು ಉತ್ತಮ. ಗೋಣಿಚೀಲ ಹಾಸಿದರೆ ಅದರ ಕಲೆ ಬಣ್ಣದ ಮೇಲೆ ಇಳಿಯುತ್ತದೆ. ಬೇಸಿಗೆಯಲ್ಲಿ ಹಾಕಿದ ತೇಪೆಗೆ ಇನ್ನೂ ಕೆಲವು ದಿನ ನೀರು ಕೊಡಿ. ಎಣ್ಣೆ-ಮೇಣ ಹಚ್ಚುವುದು ಹಾಕಿದ ದಿನದಿಂದ 28 ದಿನ ಕಳೆದ ಮೇಲೆ.

ಮತ್ತೆ ಬೇಗ ಸವೆಯದಿರಲು

ಬಾಗಿಲ ಹೊರಗೆ ತೆಂಗಿನ ನಾರಿನ ಒರಟು ಕಾಲೊರಸು, ಒಳಗೆ ಬಟ್ಟೆಯದು. ಹೊರಗಿನದನ್ನು ದಿನಾ ಕೊಡವಬೇಕು, ಇಲ್ಲದಿದ್ದರೆ ಅದೇ ಮರಳಿನ ಗೋದಾಮು ಆಗುತ್ತದೆ. ಗುಡಿಸದೆ ಮಾಪ್ ಹಾಕುವುದು ಇನ್ನೊಂದು ದೊಡ್ಡ ಕಾರಣ. ಒದ್ದೆ ಬಟ್ಟೆಗೆ ಅಂಟಿದ ಮರಳು ವಾಟರ್ ಪೇಪರ್ ಮಾಡುವ ಕೆಲಸವನ್ನೇ ಮಾಡುತ್ತದೆ. ಕುರ್ಚಿ ಕಾಲಿಗೆ ಫೆಲ್ಟ್ ಅಂಟಿಸಿ. ಮನೆಯೊಳಗಿನ ರಂಗೋಲಿಗೆ ಕಲ್ಲಿನ ಪುಡಿ ಬದಲು ಅಕ್ಕಿಹಿಟ್ಟು ಬಳಸಿ, ಹಬ್ಬದ ಜನ ಅದರ ಮೇಲೆ ಓಡಾಡಿದರೂ ಚಿಂತೆಯಿಲ್ಲ. ಹುಳಿ ಚೆಲ್ಲಿದರೆ ಆ ಕ್ಷಣವೇ ಒರೆಸಿ.

ಮೇಣವನ್ನು ವರ್ಷಕ್ಕೆ ಒಂದು ಸಲ, ಓಡಾಟ ಜಾಸ್ತಿ ಇರುವ ದಾರಿಗೆ ಎರಡು ಸಲ ಹಚ್ಚಿದರೆ ಸಾಕು. ಸಮಯ ಬಂತಾ ಅಂತ ತಿಳಿಯಲು ನೆಲದ ಮೇಲೆ ಒಂದು ಹನಿ ನೀರು ಹಾಕಿ. ಹನಿ ಗುಂಡಗೆ ನಿಂತರೆ ಮೇಣ ಇನ್ನೂ ಇದೆ. ಹರಡಿ ನೆಲ ಕಪ್ಪಾದರೆ ಡಬ್ಬಿ ತೆಗೆಯಿರಿ.